ಅಜ್ಜಿ ಹುಳದ ಎಚ್ಚರಿಕೆ ಮರಿಮಕ್ಕಳಿಗೆ ತಲುಪುತ್ತಾ?

ಇವತ್ತಿನ ಸಂಚಿಕೆ ಒಂದು ಹುಳದ ಬಗ್ಗೆ. ಉದ್ದ ಒಂದು ಮಿಲಿಮೀಟರ್. ಕಣ್ಣಿಲ್ಲ, ಕಿವಿಯಿಲ್ಲ, ಇರೋ ನರಕೋಶಗಳು ಒಟ್ಟು 302. ಈ ಹುಳ ಒಂದು ದಿನ ಕೆಟ್ಟ ಬ್ಯಾಕ್ಟೀರಿಯಾ ತಿಂದು ಪಾಠ ಕಲಿತರೆ, ಆ ಪಾಠ ಅದರ ಮಗ, ಮೊಮ್ಮಗ, ಮರಿಮಗ, ಗಿರಿಮಗ ಎಲ್ಲರಿಗೂ ಹೋಗುತ್ತೆ, ಐದನೇ ತಲೆಮಾರಿಗೆ ಮರೆತುಹೋಗುತ್ತೆ ಅಂತ 2019ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದು ತಂಡ ಹೇಳಿತು. ಐದು ವರ್ಷ ಕಳೆದ ಮೇಲೆ ಹಾರ್ವರ್ಡ್‌ನ ಇನ್ನೊಂದು ತಂಡ, ನಾವೂ ಮಾಡಿ ನೋಡಿದೆವು, ಮೊಮ್ಮಕ್ಕಳಲ್ಲೇ ಆ ನೆನಪು ನಮಗೆ ಸಿಗಲಿಲ್ಲ ಅಂದಿತು.

ನಾನು ಓದಿದ್ದು ಬಿ.ಕಾಂ. ಜೀವಶಾಸ್ತ್ರದ ಲ್ಯಾಬಿಗೂ ನನಗೂ ಸಂಬಂಧ ಕಡಿಮೆ. ಆದರೆ ವಾರಸುದಾರಿಕೆ, ದಾಖಲೆ, ಲೆಕ್ಕ ತಾಳೆ ನೋಡೋದು, ಇವು ನಮ್ಮ ಕಡೆಯ ವಿಷಯಗಳೇ. ಈ ಕಥೆಯಲ್ಲಿ ಮೂರೂ ಇವೆ. ಹಾಗಾಗಿ ಆ ದಾರಿಯಲ್ಲೇ ಹೋಗೋಣ.

ಮೊದಲು ಇನ್ನೂರು ವರ್ಷ ಹಿಂದಕ್ಕೆ. 1809ರಲ್ಲಿ ಫ್ರಾನ್ಸಿನ ಲಾಮಾರ್ಕ್ ಒಂದು ಪುಸ್ತಕ ಬರೆದರು. ಪ್ರಾಣಿಗಳು ತಮ್ಮ ಜೀವಮಾನದಲ್ಲಿ ಗಳಿಸಿಕೊಂಡ ಗುಣಗಳು ಮಕ್ಕಳಿಗೆ ಹೋಗುತ್ತವೆ ಅನ್ನೋದು ಅವರ ವಾದದ ಒಂದು ಭಾಗ. ಆ ಕಾಲದಲ್ಲಿ ಇದು ವಿಚಿತ್ರ ಮಾತೇನೂ ಆಗಿರಲಿಲ್ಲ, ಬಹಳ ಜನ ಹಾಗೇ ನಂಬಿದ್ದರು. ಇದಕ್ಕೆ ಗಟ್ಟಿಯಾಗಿ ಅಡ್ಡ ನಿಂತವರು ಜರ್ಮನಿಯ ಆಗಸ್ಟ್ ವೈಸ್‌ಮನ್. 1880ರ ದಶಕದಲ್ಲಿ ಅವರು ಇಲಿಗಳ ಬಾಲ ಕತ್ತರಿಸುತ್ತಾ ಹೋದರು. ಐದು ತಲೆಮಾರು, 901 ಮರಿಗಳು. ಒಂದಾದರೂ ಮೋಟು ಬಾಲದ ಮರಿ ಹುಟ್ಟಲಿಲ್ಲ. ವೈಸ್‌ಮನ್ ಹೇಳಿದ್ದು ಇಷ್ಟು: ದೇಹದ ಕೋಶಗಳು ಬೇರೆ, ಮುಂದಿನ ತಲೆಮಾರನ್ನು ಹುಟ್ಟಿಸುವ ಅಂಡಾಣು-ವೀರ್ಯಾಣುಗಳ ಕೋಶಗಳು ಬೇರೆ. ದೇಹಕ್ಕೆ ಆದ ಅನುಭವ ಆ ಕೋಶಗಳ ಒಳಗೆ ಹೋಗೋದಿಲ್ಲ. ನಡುವೆ ಒಂದು ಗೋಡೆ ಇದೆ.

ಈ ಗೋಡೆ ಮುಂದೆ ಆಧುನಿಕ ಜೀವಶಾಸ್ತ್ರದ ಆಧಾರಗಳಲ್ಲಿ ಒಂದಾಯಿತು. ಅದನ್ನು ಅಲ್ಲಗಳೆದವರಿಂದ ಎಂಥ ಅನಾಹುತ ಆಯ್ತು ಅನ್ನೋದಕ್ಕೆ ಸೋವಿಯತ್ ಒಕ್ಕೂಟದ ಕಥೆಯೂ ಇದೆ. ಅಲ್ಲಿ ಟ್ರೋಫಿಮ್ ಲೈಸೆಂಕೊ ಎಂಬ ಕೃಷಿ ತಜ್ಞ, ಬೆಳೆಗಳನ್ನು ಪರಿಸರದ ಮೂಲಕ ಪಳಗಿಸಿದರೆ ಆ ಗುಣ ಮುಂದಿನ ಪೀಳಿಗೆಗೂ ಬರುತ್ತದೆ ಎಂದು ವಾದಿಸಿ ಸ್ಟಾಲಿನ್ ಬೆಂಬಲ ಗಳಿಸಿದ. ಅವನನ್ನು ವಿರೋಧಿಸಿದ ದೊಡ್ಡ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ 1940ರಲ್ಲಿ ಬಂಧನಕ್ಕೊಳಗಾಗಿ 1943ರಲ್ಲಿ ಜೈಲಿನಲ್ಲೇ ಸತ್ತರು. 1948ರ ಹೊತ್ತಿಗೆ ಆ ದೇಶದಲ್ಲಿ ತಳಿಶಾಸ್ತ್ರ ಕಲಿಸೋದೇ ಅಪರಾಧದ ಹಾಗಾಯಿತು. ಆದ್ದರಿಂದ "ಗಳಿಸಿದ ಗುಣ ಮಕ್ಕಳಿಗೆ ಹೋಗುತ್ತೆ" ಅಂತ ಯಾರಾದರೂ ಅಂದರೆ ವಿಜ್ಞಾನಿಗಳು ಹುಬ್ಬೇರಿಸೋದರಲ್ಲಿ ಆಶ್ಚರ್ಯ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈಗ ಹುಳ ಬರುತ್ತೆ. 1963ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಸಿಡ್ನಿ ಬ್ರೆನ್ನರ್ ತಮ್ಮ ಸಂಸ್ಥೆಯ ಮುಖ್ಯಸ್ಥ ಮ್ಯಾಕ್ಸ್ ಪೆರುಟ್ಜ್‌ಗೆ ಒಂದು ಪತ್ರ ಬರೆದರು. ಒಂದು ಪ್ರಾಣಿಯ ಬೆಳವಣಿಗೆ, ನರಮಂಡಲ ಎಲ್ಲವನ್ನೂ ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ತೀರಾ ಸರಳ ಪ್ರಾಣಿಯಿಂದ ಶುರು ಮಾಡಬೇಕು ಅನ್ನೋದು ಅವರ ಯೋಚನೆ. ಕೊನೆಗೆ ಆರಿಸಿದ್ದು ಸಿ. ಎಲೆಗನ್ಸ್ ಎಂಬ ದುಂಡು ಹುಳವನ್ನು. ಇವತ್ತಿಗೂ ಲ್ಯಾಬುಗಳಲ್ಲಿ ಬಳಸುವ ಮುಖ್ಯ ತಳಿ ಬಂದದ್ದು ಬ್ರಿಸ್ಟಲ್ ಬಳಿಯ ಅಣಬೆ ಗೊಬ್ಬರದಿಂದ. ಮೈ ಪಾರದರ್ಶಕ, ಒಳಗಿನ ಕೋಶಗಳನ್ನು ಎಣಿಸಬಹುದು. ಹೆಚ್ಚಿನ ಹುಳಗಳು ದ್ವಿಲಿಂಗಿ. ಒಂದೇ ಹುಳ ಸಂಗಾತಿ ಇಲ್ಲದೆ ಸುಮಾರು 300 ಮರಿ ಹಾಕುತ್ತೆ. ಮೊಟ್ಟೆ ಬೆಳೆದು ಮತ್ತೆ ಮೊಟ್ಟೆ ಇಡೋದಕ್ಕೆ ಮೂರು ದಿನ, ಸ್ವಲ್ಪ ಹೆಚ್ಚು ಸಾಕು. ಅಂದರೆ ನಮ್ಮ ಲೆಕ್ಕದಲ್ಲಿ ನೂರು ವರ್ಷ ಹಿಡಿಯೋ ನಾಲ್ಕು ತಲೆಮಾರನ್ನು ಇಲ್ಲಿ ಎರಡು ವಾರದಲ್ಲಿ ನೋಡಿ ಮುಗಿಸಬಹುದು.

ಈ ಹುಳದಿಂದಲೇ ಮುಂದೆ ಹಲವು ನೊಬೆಲ್‌ಗಳು ಬಂದವು. ನಮಗೆ ಬೇಕಾದ್ದು 1998ರ ಪ್ರಯೋಗಕ್ಕೆ ಬಂದದ್ದು. ಆ ವರ್ಷ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ ತಂಡದವರು ಹುಳಕ್ಕೆ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿದರು. ಯಾವ ಜೀನಿಗೆ ಹೊಂದುವ ಆರ್‌ಎನ್‌ಎ ಚುಚ್ಚಿದರೋ ಆ ಜೀನ್ ಸುಮ್ಮನಾಯಿತು.

ಇದನ್ನು ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯ ಭಾಷೆಯಲ್ಲಿ ಹೇಳ್ತೀನಿ. ಡಿಎನ್‌ಎ ಅಂದರೆ ಕಚೇರಿಯಲ್ಲಿರೋ ಮೂಲ ಪತ್ರ. ಕೋಶದಲ್ಲಿ ಕೆಲಸ ಆಗಬೇಕಾದರೆ ಅದರ ನಕಲು ಪ್ರತಿ ಹೊರಗೆ ಬರಬೇಕು. ಆ ನಕಲೇ ಆರ್‌ಎನ್‌ಎ. ಆದರೆ ಇಪ್ಪತ್ತು-ಇಪ್ಪತ್ತೈದು ಅಕ್ಷರಗಳಷ್ಟೇ ಇರೋ ಸಣ್ಣ ಆರ್‌ಎನ್‌ಎಗಳೂ ಇವೆ. ಅವು ಕೋರ್ಟಿನ ತಡೆಯಾಜ್ಞೆ ಇದ್ದ ಹಾಗೆ. ಮೂಲ ಪತ್ರದಲ್ಲಿ ಒಂದಕ್ಷರ ಬದಲಾಗೋದಿಲ್ಲ, ಆದರೆ ಆ ಪತ್ರದ ಮೇಲೆ ಕೆಲಸ ನಡೆಯೋ ಹಾಗಿಲ್ಲ. ತಡೆಯಾಜ್ಞೆಯಲ್ಲಿ ಸರ್ವೆ ನಂಬರ್ ಇರುತ್ತಲ್ಲ, ಹಾಗೇ ಇದರಲ್ಲಿ ಜೀನಿನ ಅಕ್ಷರಗಳಿಗೆ ಹೊಂದುವ ಅಕ್ಷರಗಳಿರುತ್ತವೆ. ಫೈರ್ ಮತ್ತು ಮೆಲೊಗೆ 2006ರಲ್ಲಿ ನೊಬೆಲ್ ಬಂತು.

ಆ ಪ್ರಯೋಗಗಳಲ್ಲಿ ಎರಡು ವಿಚಿತ್ರಗಳು ಕಂಡವು. ಒಂದು, ಆರ್‌ಎನ್‌ಎಯನ್ನು ಚುಚ್ಚಲೇಬೇಕು ಅಂತಿಲ್ಲ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾವನ್ನು ಹುಳಕ್ಕೆ ತಿನ್ನಿಸಿದರೂ ಸಾಕು ಅಂತ ಅದೇ 1998ರಲ್ಲಿ ಲಿಸಾ ಟಿಮ್ಮನ್ಸ್ ಮತ್ತು ಫೈರ್ ತೋರಿಸಿದರು. ಇನ್ನೊಂದು, ಚುಚ್ಚಿದ್ದು ತಾಯಿಗೆ, ಪರಿಣಾಮ ಕಂಡಿದ್ದು ಮಕ್ಕಳಲ್ಲೂ. ಹಾಗಾದ್ರೆ ಈ ಆರ್‌ಎನ್‌ಎ ದೇಹದೊಳಗೆ ಓಡಾಡುತ್ತೆ, ಕೋಶದಿಂದ ಕೋಶಕ್ಕೆ ದಾಟುತ್ತೆ. ಯಾವ ಬಾಗಿಲಿಂದ? 2002ರಲ್ಲಿ ಹಾರ್ವರ್ಡ್‌ನ ಕ್ರೇಗ್ ಹಂಟರ್ ತಂಡ ಆ ಬಾಗಿಲು ಕಂಡುಹಿಡಿಯಿತು. ಸಿಡ್-1 ಎಂಬ ಪ್ರೋಟೀನ್. ಹಂಟರ್ ಹೆಸರನ್ನೂ ನೆನಪಿಡಿ.

2011ರಲ್ಲಿ ಓಡೆಡ್ ರೆಚಾವಿ ಮತ್ತು ಆಲಿವರ್ ಹೋಬರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ವೈರಸ್ ವಿರುದ್ಧ ಹುಳ ತಯಾರಿಸಿಕೊಂಡ ಸಣ್ಣ ಆರ್‌ಎನ್‌ಎಗಳು ಹಲವು ತಲೆಮಾರು ಮುಂದುವರಿದವು. ಅವನ್ನು ಹೊಸದಾಗಿ ತಯಾರಿಸೋ ಶಕ್ತಿಯೇ ಇಲ್ಲದ ವಂಶಜರಲ್ಲೂ ಅವು ವೈರಸ್ಸನ್ನು ತಡೆದವು.

ಇಲ್ಲಿ ಒಂದು ಲೆಕ್ಕ ಹಾಕಲೇಬೇಕು. ಒಂದು ಹುಳಕ್ಕೆ 300 ಮಕ್ಕಳು. ಆ ಒಬ್ಬೊಬ್ಬರಿಗೂ 300. ನಾಲ್ಕನೇ ತಲೆಮಾರಿಗೆ 300 ಸಲ 300 ಸಲ 300 ಸಲ 300, ಅಂದರೆ 810 ಕೋಟಿ ವಾರಸುದಾರರು. ಅಜ್ಜಿಯ ಹತ್ತಿರ ಎಷ್ಟೇ ಆರ್‌ಎನ್‌ಎ ಇದ್ದರೂ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಏನೂ ಉಳಿಯೋದಿಲ್ಲ. ಹಾಗಾಗಿ ಹುಳ ಪಾಲು ಮಾಡುವುದಿಲ್ಲ, ನಕಲು ಮಾಡುತ್ತೆ. ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಒಂದು ಕಿಣ್ವ ಅದರಲ್ಲಿದೆ. ಪ್ರತಿ ತಲೆಮಾರಿನಲ್ಲೂ ತಡೆಯಾಜ್ಞೆಯ ಹೊಸ ಪ್ರತಿ ತೆಗೆಯೋ ಜೆರಾಕ್ಸ್ ಮಷೀನ್ ಅಂದುಕೊಳ್ಳಿ. ಮನುಷ್ಯರನ್ನೂ ಸೇರಿಸಿ ಸಸ್ತನಿಗಳಲ್ಲಿ ಇಂಥ ಮಷೀನ್ ಇಲ್ಲ. ಇದೂ ಕೊನೆಗೆ ಬೇಕಾಗುತ್ತೆ.

ಸರಿ, ಇನ್ನು ಶತ್ರುವಿನ ಪರಿಚಯ. ಸ್ಯೂಡೋಮೊನಾಸ್ ಎರುಜಿನೋಸಾ. ಆಸ್ಪತ್ರೆಗಳಲ್ಲಿ ಸುಟ್ಟಗಾಯದ ರೋಗಿಗಳನ್ನು, ಶ್ವಾಸಕೋಶ ದುರ್ಬಲ ಇರೋರನ್ನು ಕಾಡುವ ಬ್ಯಾಕ್ಟೀರಿಯಾ. ಅದರ ಪಿಎ14 ಎಂಬ ತಳಿ ಮನುಷ್ಯರಿಗಷ್ಟೇ ಅಲ್ಲ, ಗಿಡಗಳಿಗೂ ಸೋಂಕು ತರುತ್ತೆ, ಈ ಹುಳವನ್ನೂ ಕೊಲ್ಲುತ್ತೆ. ಹುಳದ ಆಹಾರವೇ ಬ್ಯಾಕ್ಟೀರಿಯಾ; ಲ್ಯಾಬಿನಲ್ಲಿ ಅದಕ್ಕೆ ದಿನನಿತ್ಯದ ಊಟ ಇ. ಕೊಲೈ. ತಮಾಷೆ ಏನಪ್ಪಾ ಅಂದ್ರೆ, ಹಿಂದೆಂದೂ ಪಿಎ14 ಕಾಣದ ಹುಳಕ್ಕೆ ಎರಡನ್ನೂ ಮುಂದಿಟ್ಟರೆ ಅದು ಮೊದಲು ಹೋಗೋದು ವಿಷದ ಕಡೆಗೇ. ತಿಂದು ಕಾಯಿಲೆ ಬಿದ್ದ ಮೇಲೆ ಆ ವಾಸನೆಯಿಂದ ದೂರ ಸರಿಯೋದನ್ನು ಕಲಿಯುತ್ತೆ ಅಂತ 2005ರಲ್ಲಿ ಕೋರಿ ಬಾರ್ಗ್‌ಮನ್ ತಂಡ ತೋರಿಸಿತು.

ಈ ಹುಳ-ಬ್ಯಾಕ್ಟೀರಿಯಾ ಕಾಳಗದ ಒಂದು ಅಧ್ಯಾಯ ಬೆಂಗಳೂರಿನಲ್ಲೂ ಬರೆಯಲ್ಪಟ್ಟಿದೆ. 2021ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ವರ್ಷಾ ಸಿಂಗ್ ತಂಡ, ಈ ಬ್ಯಾಕ್ಟೀರಿಯಾ ಬಿಡುವ 1-ಅನ್‌ಡಿಸೀನ್ ಎಂಬ ವಾಸನೆಯ ಅಣುವನ್ನು ಗುರುತಿಸಿತು. ಆ ವಾಸನೆ ತಗುಲಿದರೆ ಹುಳ ದೂರ ಓಡುತ್ತೆ, ಜೊತೆಗೆ ತನ್ನ ರೋಗನಿರೋಧಕ ವ್ಯವಸ್ಥೆಯನ್ನೂ ಸಜ್ಜು ಮಾಡಿಕೊಳ್ಳುತ್ತೆ. ಇದು ಒಂದು ಹುಳ ತನ್ನ ಜೀವಮಾನದಲ್ಲಿ ಮಾಡೋ ಕೆಲಸ. ನಮ್ಮ ಪ್ರಶ್ನೆ, ಅದು ಸತ್ತ ಮೇಲೆ ಏನು ಉಳಿಯುತ್ತೆ ಅನ್ನೋದು.

ಅದಕ್ಕೆ ಉತ್ತರ ಕೊಟ್ಟದ್ದು ಪ್ರಿನ್ಸ್‌ಟನ್‌ನ ಕೊಲೀನ್ ಮರ್ಫಿ, ರೆಬೆಕಾ ಮೂರ್, ರೇಚಲ್ ಕಲೆಟ್ಸ್ಕಿ. ಅವರ 2019ರ ಪ್ರಯೋಗ ಹೀಗಿತ್ತು. ತಾಯಿ ಹುಳಗಳನ್ನು 24 ಗಂಟೆ ಪಿಎ14 ಮೇಲೆ ಬಿಟ್ಟರು. ಆಮೇಲೆ ಬ್ಲೀಚ್ ಹಾಕಿದರು. ಬ್ಲೀಚ್‌ನಲ್ಲಿ ತಾಯಿಯೂ ಸಾಯುತ್ತೆ, ಬ್ಯಾಕ್ಟೀರಿಯಾವೂ ಸಾಯುತ್ತೆ. ಗಟ್ಟಿ ಕವಚದ ಮೊಟ್ಟೆಗಳು ಮಾತ್ರ ಉಳಿಯುತ್ತವೆ. ಆ ಮಕ್ಕಳನ್ನು ಇ. ಕೊಲೈ ಮೇಲೆ ಬೆಳೆಸಿದರು. ತಾಯಿಯ ಮುಖ ನೋಡಿಲ್ಲ, ಪಿಎ14 ಕಂಡಿಲ್ಲ. ಆದರೂ ಎರಡು ಊಟ ಮುಂದಿಟ್ಟಾಗ ಪಿಎ14 ಬೇಡ ಅಂದವು. ಮೊಮ್ಮಕ್ಕಳೂ ಬೇಡ ಅಂದವು. ನಾಲ್ಕನೇ ತಲೆಮಾರಿನವರೆಗೂ ಹೀಗೇ ನಡೆಯಿತು. ಐದನೆಯದು ಮತ್ತೆ ವಿಷದ ಕಡೆಗೆ ಹೋಯಿತು.

2020ರಲ್ಲಿ ಅದೇ ತಂಡ ಕಾರಣವನ್ನೂ ಹೇಳಿತು. ಪಿಎ14ರಲ್ಲಿ ಪಿ11 ಎಂಬ ಒಂದು ಸಣ್ಣ ಆರ್‌ಎನ್‌ಎ ಇದೆ. ಅದರ 16 ಅಕ್ಷರಗಳ ಒಂದು ತುಂಡು, ಹುಳದ ಮ್ಯಾಕೊ-1 ಎಂಬ ಜೀನಿನ ತುಂಡೊಂದಕ್ಕೆ ಅಕ್ಷರಶಃ ಹೊಂದುತ್ತೆ. ಹುಳ ಬ್ಯಾಕ್ಟೀರಿಯಾವನ್ನು ತಿಂದಾಗ ಪಿ11 ಕರುಳಿನಿಂದ ಒಳಗೆ ಹೋಗಿ, ಅಂಡಾಣು ತಯಾರಾಗುವ ಅಂಗಾಂಶದ ಮೂಲಕ ಹಾದು, ಕೊನೆಗೆ ನರಕೋಶದಲ್ಲಿ ಮ್ಯಾಕೊ-1ಕ್ಕೆ ತಡೆಯಾಜ್ಞೆ ತರುತ್ತೆ. ಆಗ ಎಎಸ್‌ಐ ಎಂಬ ಒಂದು ಜೋಡಿ ನರಕೋಶಗಳಲ್ಲಿ ಡ್ಯಾಫ್-7 ಎಂಬ ಸಂಕೇತ ಏರುತ್ತೆ, ಹುಳ ದೂರ ಸರಿಯುತ್ತೆ. ಕಾಯಿಲೆ ಬೀಳೋದೂ ಬೇಡ: ಅಪಾಯವಿಲ್ಲದ ಇ. ಕೊಲೈಗೆ ಪಿ11 ಸೇರಿಸಿ ತಿನ್ನಿಸಿದರೂ ಹುಳ ಇದೇ ಪಾಠ ಕಲಿಯಿತು. ಅಂದರೆ ಶತ್ರುವಿನದೇ ಕಾಗದ ಓದಿ ಶತ್ರುವನ್ನು ಗುರುತು ಹಿಡಿದ ಹಾಗೆ.

ಮತ್ತೆ ಐದನೇ ತಲೆಮಾರಿಗೆ ಮರೆಯೋದು ಯಾಕೆ? ಇದಕ್ಕೆ ಸಂಶೋಧಕರು ಕೊಡೋ ವಿವರಣೆ ನನಗೆ ಹಿಡಿಸಿತು. ಸ್ಯೂಡೋಮೊನಾಸ್ ಬಳಗದಲ್ಲಿ ಎಲ್ಲರೂ ಕೆಟ್ಟವರಲ್ಲ, ಕೆಲವು ಒಳ್ಳೆಯ ಆಹಾರ. ಜಾಗ ಬದಲಾಗುತ್ತೆ, ಕಾಲ ಬದಲಾಗುತ್ತೆ. ಅಜ್ಜಿಯ ಕಾಲದ ಭಯವನ್ನೇ ಹಿಡಿದು ಕೂತರೆ ಮೊಮ್ಮಕ್ಕಳು ಉಪವಾಸ ಬೀಳಬೇಕಾಗುತ್ತೆ. ಹಾಗಾಗಿ ಎಚ್ಚರಿಕೆಗೂ ಒಂದು ವಾಯಿದೆ ಇರೋದು ಒಳ್ಳೇದು.

ಇಷ್ಟು ಚಂದದ ಕಥೆ. ಈಗ ಹಾರ್ವರ್ಡ್‌ಗೆ ಬರೋಣ. 2024ರಲ್ಲಿ ಬಹಿರಂಗವಾಗಿ, 2025ರಲ್ಲಿ ಈಲೈಫ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ರೇಗ್ ಹಂಟರ್ ತಂಡ ಹೇಳಿದ್ದು: ತರಬೇತಿ ಪಡೆದ ತಾಯಿ ದೂರ ಸರಿಯುತ್ತೆ, ನಿಜ. ಮಕ್ಕಳಲ್ಲೂ ಪರಿಣಾಮ ಕಂಡಿದ್ದೇವೆ. ಮೊಮ್ಮಕ್ಕಳಲ್ಲಿ ಸಿಗಲಿಲ್ಲ. ಇದನ್ನು ಹೇಳಿದವರು ಯಾರು ನೋಡಿ. ಆರ್‌ಎನ್‌ಎ ಕೋಶದಿಂದ ಕೋಶಕ್ಕೆ ದಾಟುವ ಬಾಗಿಲನ್ನು ಕಂಡುಹಿಡಿದವರೇ. ಆರ್‌ಎನ್‌ಎ ತಲೆಮಾರು ದಾಟೋದನ್ನು ನಂಬದ ಹಳಬರು ಅಂತ ಅವರನ್ನು ತಳ್ಳಿಹಾಕೋ ಹಾಗಿರಲಿಲ್ಲ.

ಮೊಮ್ಮಕ್ಕಳೇ ಯಾಕೆ ಮುಖ್ಯ ಅಂದ್ರೆ, ತಾಯಿ ಪಿಎ14 ಮೇಲಿದ್ದಾಗ ಮಕ್ಕಳಾಗುವ ಕೋಶಗಳು ಅವಳ ಹೊಟ್ಟೆಯಲ್ಲೇ ಇದ್ದವು. ಅವಕ್ಕೆ ನೇರವಾಗಿಯೇ ಏನೋ ತಗುಲಿರಬಹುದು. ಮೊಮ್ಮಕ್ಕಳು ಹಾಗಲ್ಲ. ಅವರಿಗೆ ಬಂದಿದ್ದರೆ ಅದು ನಿಜವಾದ ವಾರಸು.

ಮರ್ಫಿ ತಂಡದ ಉತ್ತರ ವಿಧಾನದ ಬಗ್ಗೆ. ಜಾತ್ರೆಯಲ್ಲಿ ಎರಡು ಅಂಗಡಿ ಇವೆ ಅಂದುಕೊಳ್ಳಿ. ಜನ ಮೊದಲು ಯಾವ ಅಂಗಡಿಗೆ ಹೋದರು ಅಂತ ಎಣಿಸೋದು ಒಂದು ಲೆಕ್ಕ. ಸ್ವಲ್ಪ ಹೊತ್ತು ಬಿಟ್ಟು ಈಗ ಎಲ್ಲಿದ್ದಾರೆ ಅಂತ ಎಣಿಸೋದು ಬೇರೆ ಲೆಕ್ಕ. ಪ್ರಿನ್ಸ್‌ಟನ್‌ನವರು ಎರಡೂ ಊಟದ ಚುಕ್ಕೆಗಳ ಮೇಲೆ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಹುಳ ಬಂದ ಜಾಗದಲ್ಲೇ ನಿಶ್ಚಲವಾಗುತ್ತೆ, ಮೊದಲ ಆಯ್ಕೆ ದಾಖಲಾಗುತ್ತೆ. ಹಾರ್ವರ್ಡ್‌ನವರ ಮುಖ್ಯ ವಿಧಾನದಲ್ಲಿ ತಟ್ಟೆಯನ್ನು ತಣ್ಣಗೆ ಮಾಡಿ ಹುಳಗಳನ್ನು ನಿಲ್ಲಿಸಿ ಎಣಿಸಿದರು. ಅಷ್ಟರಲ್ಲಿ ಹುಳಗಳು ಪಿಎ14 ರುಚಿ ನೋಡಿ ಮನಸ್ಸು ಬದಲಿಸಿರುತ್ತವೆ, ಲೆಕ್ಕ ಕಲಸಿಹೋಗುತ್ತೆ ಅನ್ನೋದು ಮರ್ಫಿ ಕಡೆಯ ವಾದ. ಬ್ಯಾಕ್ಟೀರಿಯಾವನ್ನು ಬೆಳೆಸುವ ರೀತಿಯೂ ಮುಖ್ಯ. 25 ಡಿಗ್ರಿಯಲ್ಲಿ ಬೆಳೆಸಿದ ಪಿಎ14 ಪಾಠ ಕಲಿಸುತ್ತೆ, 15 ಡಿಗ್ರಿಯದ್ದು ಕಲಿಸೋದಿಲ್ಲ ಅಂತ ಅವರೇ ಹಿಂದೆ ತೋರಿಸಿದ್ದರು.

ಇಬ್ಬರು ಜಗಳ ಆಡುವಾಗ ಬೇಕಾಗೋದು ಮೂರನೆಯವರು. 2025ರಲ್ಲಿ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದ ಆಂಡ್ರೆಸ್ ವಿಡಾಲ್-ಗಡೇಯಾ ತಂಡ, ಅಜೈಡ್ ಬಳಸುವ ವಿಧಾನದಲ್ಲೇ ಪ್ರಯೋಗ ಮಾಡಿ ಮೊಮ್ಮಕ್ಕಳಲ್ಲೂ ನೆನಪು ಕಂಡಿತು ಅಂತ ಅದೇ ಈಲೈಫ್‌ನಲ್ಲಿ ಪ್ರಕಟಿಸಿತು. ಅವರು ನೋಡಿದ್ದು ಎರಡನೇ ತಲೆಮಾರಿನವರೆಗೆ.

ಹಾಗಾದ್ರೆ ಇವತ್ತಿನ ಬ್ಯಾಲೆನ್ಸ್ ಶೀಟ್ ಏನು? ಹುಳದಲ್ಲಿ ಸಣ್ಣ ಆರ್‌ಎನ್‌ಎಗಳು ತಲೆಮಾರು ದಾಟುತ್ತವೆ ಅನ್ನೋದು ಹಲವು ಲ್ಯಾಬುಗಳು ಬೇರೆ ಬೇರೆಯಾಗಿ ನೋಡಿರುವ ವಿಷಯ, ಅದು ಗಟ್ಟಿ. ಹುಳ ಕೆಟ್ಟ ಬ್ಯಾಕ್ಟೀರಿಯಾದಿಂದ ಪಾಠ ಕಲಿಯುತ್ತೆ ಅನ್ನೋದೂ ಗಟ್ಟಿ. ಪಿಎ14ರ ಪಾಠ ಮೊಮ್ಮಕ್ಕಳಿಗೆ ಹೋಗುತ್ತೆ ಅನ್ನೋದಕ್ಕೆ ಎರಡು ಲ್ಯಾಬುಗಳ ಸಾಕ್ಷಿ ಪರವಾಗಿ, ಒಂದರದ್ದು ವಿರುದ್ಧವಾಗಿ ಇದೆ. ಆ ನೆನಪು ಇದ್ದರೂ ಅದು ನಾಜೂಕಿನದು, ಎಣಿಸುವ ವಿಧಾನ ಬದಲಾದರೆ ಕಾಣದೇ ಹೋಗುವಷ್ಟು. ಇಷ್ಟನ್ನು ಯಾರು ಬೇಕಾದರೂ ಒಪ್ಪಬಹುದು.

ಇದನ್ನು ಕೇಳಿ ವಿಜ್ಞಾನಿಗಳಿಗೇ ಒಮ್ಮತ ಇಲ್ಲ ಅಂತ ಬೇಸರ ಪಡಬೇಡಿ. ನಮ್ಮ ಕಡೆ ಒಂದು ಕಂಪನಿಯ ಲೆಕ್ಕವನ್ನು ಹೊರಗಿನ ಆಡಿಟರ್ ನೋಡಿ ಆಕ್ಷೇಪ ಬರೆದರೆ ವ್ಯವಸ್ಥೆ ಕೆಟ್ಟಿದೆ ಅನ್ನೋದಿಲ್ಲ, ಕೆಲಸ ಮಾಡ್ತಿದೆ ಅಂತೀವಿ. ಲೈಸೆಂಕೊ ಕಾಲದಲ್ಲಿ ಆಕ್ಷೇಪ ಬರೆದವರು ಜೈಲಿಗೆ ಹೋದರು. ಇಲ್ಲಿ ಆಕ್ಷೇಪವೂ ಅದಕ್ಕೆ ಉತ್ತರವೂ ಎಲ್ಲರ ಕಣ್ಣೆದುರಿಗಿವೆ.

ಕೊನೆಯದಾಗಿ ಮನುಷ್ಯರ ವಿಷಯ. ಈ ಹುಳದ ಸುದ್ದಿ ಬಂದಾಗಲೆಲ್ಲ "ಅಜ್ಜ-ಅಜ್ಜಿಯರ ನೋವು ನಿಮ್ಮ ಆರ್‌ಎನ್‌ಎಯಲ್ಲಿದೆ" ಅನ್ನೋ ಮಾತು ಹರಿದಾಡುತ್ತೆ. ಅದನ್ನು ತೆಗೆಯುತ್ತೇವೆ ಅಂತ ದುಡ್ಡು ಕೇಳೋರೂ ಇರ್ತಾರೆ. ಅದಕ್ಕಿಂತ ಅಪಾಯದ್ದು ಇನ್ನೊಂದು. ಯಾವುದೋ ಮನೆತನದ ಬಗ್ಗೆ, ಯಾವುದೋ ಜಾತಿಯ ಬಗ್ಗೆ "ಅದು ಅವರ ರಕ್ತದಲ್ಲೇ ಇದೆ" ಅಂತ ನಮ್ಮ ಸುತ್ತ ಜನ ಎಷ್ಟು ಸಲೀಸಾಗಿ ಹೇಳ್ತಾರೆ ಅಲ್ವಾ? ಅಂಥ ಮಾತಿಗೆ ಈ ಹುಳವನ್ನು ಸಾಕ್ಷಿ ಕರೆಯಬೇಡಿ. ಹುಳದ ಹತ್ತಿರ ಇರೋ ನಕಲು ಮಷೀನ್ ನಮ್ಮಲ್ಲಿಲ್ಲ. ಹುಳದಲ್ಲೂ ಬರುವುದು ಒಂದು ಬ್ಯಾಕ್ಟೀರಿಯಾದ ಬಗೆಗಿನ ಒಂದು ಎಚ್ಚರಿಕೆ ಮಾತ್ರ, ಅದೂ ಪ್ರಿನ್ಸ್‌ಟನ್‌ನವರ ಪ್ರಕಾರವೇ ಐದನೇ ತಲೆಮಾರಿಗೆ ಅಳಿಸಿಹೋಗುತ್ತೆ.

ನಮ್ಮ ಹಿರಿಯರ ಅನುಭವ ನಮಗೆ ಬರೋದು ಮಾತಿನಿಂದ, ಓದಿನಿಂದ, ಅವರು ಬಿಟ್ಟುಹೋದ ಆಸ್ತಿ-ಸಾಲಗಳಿಂದ. ಅದಕ್ಕೆ ಯಾವ ತಲೆಮಾರಿನಲ್ಲಿ ಬೇಕಾದರೂ ತಿದ್ದುಪಡಿ ಮಾಡೋ ಅವಕಾಶ ಇದೆ. ಆ ಮಟ್ಟಿಗೆ ನಾವು ಹುಳಕ್ಕಿಂತ ಅದೃಷ್ಟವಂತರು. ಹಾರ್ವರ್ಡ್-ಪ್ರಿನ್ಸ್‌ಟನ್ ವ್ಯಾಜ್ಯದಲ್ಲಿ ನಾಲ್ಕನೇ ಲ್ಯಾಬೊಂದು ಲೆಕ್ಕ ಒಪ್ಪಿಸಿದರೆ ಮತ್ತೆ ಇದೇ ವಿಷಯಕ್ಕೆ ಬರ್ತೀನಿ. ಅಲ್ಲಿವರೆಗೂ ಕೇಳ್ತಾ ಇರಿ, ಪ್ರಶ್ನೆ ಕೇಳ್ತಾನೂ ಇರಿ.